ಹೊಸ ವಿಂಡೋಸ್, ಹಳೆಯ ಅಕ್ಷರ

ವಿಂಡೋಸ್ ಎಕ್ಸ್‌ಪಿ ಬಿಡುಗಡೆಯಾದದ್ದು 2001ರ ಅಕ್ಟೋಬರ್‌ನಲ್ಲಿ. ಗದಗ, ಹುಬ್ಬಳ್ಳಿಯ ಪ್ರೆಸ್‌ಗಳಿಗೆ ಅದು ಬಂದದ್ದು ನಿಧಾನವಾಗಿ. ಪಕ್ಕದ ಸೈಬರ್ ಕೆಫೆಯಲ್ಲಿ ಎಕ್ಸ್‌ಪಿಯ ಪರದೆಯ ಹಸಿರು ಗುಡ್ಡ ಕಾಣಿಸಿಕೊಂಡ ಮೇಲೂ ಡಿಟಿಪಿ ಮಾಡುವ ಮೇಜಿನ ಮೇಲೆ ವಿಂಡೋಸ್ 98 ನಡೆಯುತ್ತಲೇ ಇತ್ತು. ಮಾಲಕರ ಹಿಂಜರಿಕೆಗೆ ಗಟ್ಟಿ ಕಾರಣಗಳಿದ್ದವು. ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ರ‍್ಯಾಮ್ ಬೇಕು, 128 ಇದ್ದರೆ ಒಳ್ಳೆಯದು ಎಂದು ಮೈಕ್ರೋಸಾಫ್ಟ್ ಹೇಳುತ್ತಿತ್ತು. ಪ್ರೆಸ್‌ನ ಯಂತ್ರಗಳಲ್ಲಿ ಇರುತ್ತಿದ್ದದ್ದೇ 64. ಅದಕ್ಕಿಂತ ದೊಡ್ಡ ಕಾರಣ ಕೆಲಸದ್ದು. ಲಗ್ನಪತ್ರಿಕೆಯ ಸೀಸನ್ನಿನಲ್ಲಿ ಒಂದು ಮಧ್ಯಾಹ್ನ ಟ್ರೇಸಿಂಗ್ ಹಾಳೆಯ ಪ್ರಿಂಟ್ ಹೊರಬರಲಿಲ್ಲವೆಂದರೆ ಪ್ಲೇಟ್ ಇಲ್ಲ, ಪ್ಲೇಟ್ ಇಲ್ಲದಿದ್ದರೆ ಆಫ್‌ಸೆಟ್ ಯಂತ್ರ ಖಾಲಿ ನಿಲ್ಲುತ್ತದೆ. ಮುಹೂರ್ತ ಯಾರಿಗೂ ಕಾಯುವುದಿಲ್ಲ.

ಆಗ ನಾನು ಪ್ರೆಸ್‌ಗಳ ಮತ್ತು ಡಿಟಿಪಿ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಹೊಸ ವಿಂಡೋಸ್ ಹಾಕಿದ ಮರುದಿನ ಬರುವ ಫೋನ್‌ಗಳಿಂದ ಕಲಿತಷ್ಟನ್ನು ಯಾವ ಕೋರ್ಸಿನಲ್ಲೂ ಕಲಿಯಲಿಲ್ಲ. ಯಂತ್ರ ಎದ್ದಿರುತ್ತಿತ್ತು, ಪರದೆ ಚೆನ್ನಾಗಿಯೇ ಇರುತ್ತಿತ್ತು. ಕೆಡುತ್ತಿದ್ದದ್ದು ಅಂಚಿನಲ್ಲಿ, ಕಂಪ್ಯೂಟರ್ ಹೊರಗಿನ ಇನ್ನೊಂದನ್ನು ಮುಟ್ಟುವ ಕಡೆಯಲ್ಲಿ: ಪ್ರಿಂಟರ್, ಲಾಕ್, ಫಾಂಟ್, ಹಳೆಯ ಫೈಲ್.

ಮೊದಲು ಲಾಕ್ ವಿಷಯ. ಕನ್ನಡ ಫಾಂಟ್‌ಗಳ ಪ್ಯಾಕೇಜ್ ಕೊಂಡವರಿಗೆ ಸಿಡಿಯ ಜೊತೆ ಬೆರಳುದ್ದದ ಒಂದು ಉಪಕರಣ ಬರುತ್ತಿತ್ತು. ಅದನ್ನು ಕಂಪ್ಯೂಟರಿನ ಹಿಂಬದಿಯ 25 ಪಿನ್ನಿನ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಬೇಕು, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಹಾಕಬೇಕು. ಲಾಕ್ ಸಿಕ್ಕರೆ ಮಾತ್ರ ಕನ್ನಡ ಟೈಪಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಕೊಂಡದ್ದರಿಂದ ಮಾಲಕರು ಅದನ್ನು ತಿಜೋರಿಯ ಕೀಲಿಯಷ್ಟೇ ಜೋಪಾನ ಮಾಡುತ್ತಿದ್ದರು.

98ರಿಂದ ಎಕ್ಸ್‌ಪಿಗೆ ಬಂದ ಕೂಡಲೇ ಈ ಲಾಕ್ ಕಾಣೆಯಾಗುತ್ತಿತ್ತು. ಉಪಕರಣ ಅಲ್ಲೇ ಇದೆ, ತಂತ್ರಾಂಶ ಮಾತ್ರ 'ಲಾಕ್ ಸಿಗಲಿಲ್ಲ' ಎನ್ನುತ್ತದೆ. 98ರ ಬುಡದಲ್ಲಿ ಇನ್ನೂ ಡಾಸ್ ಇತ್ತು. ಯಾವುದೇ ಪ್ರೋಗ್ರಾಂ ಪೋರ್ಟಿನ ವಿಳಾಸಕ್ಕೆ ನೇರವಾಗಿ ಕೈಹಾಕಿ ಬರೆಯಬಹುದಿತ್ತು, ಓದಬಹುದಿತ್ತು. ಎಕ್ಸ್‌ಪಿ ಎನ್‌ಟಿ ಕುಲದ್ದು. ಅಲ್ಲಿ ಸಾಮಾನ್ಯ ಪ್ರೋಗ್ರಾಂಗೆ ಹಾರ್ಡ್‌ವೇರ್ ಮುಟ್ಟುವ ಅಧಿಕಾರವೇ ಇಲ್ಲ, ಡ್ರೈವರ್ ಮೂಲಕ ಕೇಳಿಕೊಳ್ಳಬೇಕು. ಒಂದು ಪ್ರೋಗ್ರಾಂ ತಪ್ಪಿದರೆ ಇಡೀ ಯಂತ್ರ ಮಲಗದಿರಲಿ ಎಂದು ಮಾಡಿದ ಒಳ್ಳೆಯ ಬದಲಾವಣೆ ಅದು. ಅದರಿಂದಾಗಿ ಎಕ್ಸ್‌ಪಿ ನಿಜಕ್ಕೂ 98ಕ್ಕಿಂತ ಗಟ್ಟಿಯಾಗಿತ್ತು. ಆದರೆ ಹಳೆಯ ಲಾಕ್‌ನ ಜೊತೆ ಬಂದ ಸಿಡಿಯಲ್ಲಿ ಎಕ್ಸ್‌ಪಿಯ ಡ್ರೈವರ್ ಇರಲಿಲ್ಲ.

ಫೋನ್ ಬರುವ ಹೊತ್ತಿಗೆ ಆಪರೇಟರ್ ಲಾಕನ್ನು ಕಿತ್ತು ಹಾಕಿ ಕಿತ್ತು ಹಾಕಿ ಪಿನ್ ಬಾಗಿಸಿರುತ್ತಿದ್ದ. ಅದಕ್ಕೇ ನಾನು ಮೊದಲು ಕೇಳುತ್ತಿದ್ದದ್ದು ಪ್ರಿಂಟ್ ಬರುತ್ತಿದೆಯೇ ಎಂದು. ಬರುತ್ತಿದ್ದರೆ ಪೋರ್ಟೂ ಸರಿ, ಕೇಬಲ್ಲೂ ಸರಿ. ಆಮೇಲೆ ಬಯೋಸ್‌ಗೆ ಹೋಗಿ ಪೋರ್ಟ್ ಯಾವ ಮೋಡ್‌ನಲ್ಲಿದೆ ನೋಡುವುದು. ಎಸ್‌ಪಿಪಿ, ಇಪಿಪಿ, ಇಸಿಪಿ ಎಂಬ ಮೂರರಲ್ಲಿ ಕೆಲವು ಲಾಕ್‌ಗಳು ಒಂದಕ್ಕೆ ಮಾತ್ರ ಸ್ಪಂದಿಸುತ್ತಿದ್ದವು. ಕೊನೆಗೆ ಡ್ರೈವರ್. ಅದು ಬೆಂಗಳೂರಿನಿಂದಲೋ ಪುಣೆಯಿಂದಲೋ ಸಿಡಿಯಾಗಿ ಕೊರಿಯರ್‌ನಲ್ಲಿ ಬರಬೇಕಿತ್ತು. ಬರುವವರೆಗೆ ಇನ್ನೊಂದು ಹಾರ್ಡ್‌ಡಿಸ್ಕ್‌ನಲ್ಲಿ 98 ಹಾಕಿ ಪ್ರೆಸ್ ನಡೆಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದವರು ಮೊದಲೇ ಫಾರ್ಮ್ಯಾಟ್ ಹೊಡೆದು, ಇದ್ದ ಫೈಲುಗಳನ್ನೂ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಹೊಸ ವಿಂಡೋಸ್ ಹಾಕಿದ ಮೇಲೆ ತೊಂದರೆ ಬಂದರೆ ಮತ್ತೆ ವಿಂಡೋಸ್ ಹಾಕುವುದು ಆ ದಿನಗಳ ಸರ್ವರೋಗದ ಮದ್ದಾಗಿತ್ತು. ನನಗೆ ಅದು ಎಂದೂ ಹಿಡಿಸಲಿಲ್ಲ. ರೋಗ ಏನೆಂದು ತಿಳಿಯದೆ ವಾಸಿಯಾದದ್ದು ಇನ್ನೊಮ್ಮೆ ಬಂದಾಗಲೂ ತಿಳಿಯುವುದಿಲ್ಲ.

ಉಳಿದ ರಿಪೇರಿಗೆ ಬೇಕಾದದ್ದೆಲ್ಲ ಒಂದು ಚೀಲದಲ್ಲಿ ಹಿಡಿಯುತ್ತಿತ್ತು: ಬೂಟ್ ಫ್ಲಾಪಿ, ವಿಂಡೋಸ್ ಸಿಡಿ, ಮದರ್‌ಬೋರ್ಡಿನ ಡ್ರೈವರ್ ಸಿಡಿಗಳು, ಸ್ಕ್ರೂ ಡ್ರೈವರ್. ಯಂತ್ರ ಏಳದಿದ್ದರೆ ಎಫ್8 ಒತ್ತಿ ಸೇಫ್ ಮೋಡ್‌ಗೆ ಹೋಗುವುದು. ಸಾಟಾ ಡಿಸ್ಕ್ ಬಂದ ಮೇಲೆ ಎಕ್ಸ್‌ಪಿಯ ಸೆಟಪ್‌ಗೆ ಎಷ್ಟೋ ಯಂತ್ರಗಳಲ್ಲಿ ಡಿಸ್ಕೇ ಕಾಣುತ್ತಿರಲಿಲ್ಲ. ಶುರುವಿನಲ್ಲೇ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕು. ಫ್ಲಾಪಿ ಡ್ರೈವ್ ಇಲ್ಲದ ಹೊಸ ಯಂತ್ರಕ್ಕೆ ಇದೊಂದು ಕೆಲಸಕ್ಕಾಗಿಯೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಫ್ಲಾಪಿ ಡ್ರೈವ್ ತರಿಸಿದವರಿದ್ದರು.

ಡಿವೈಸ್ ಮ್ಯಾನೇಜರ್‌ನ ಹಳದಿ ಚಿಹ್ನೆ ಮಾತ್ರ ಅಂದಿಗೂ ಇಂದಿಗೂ ಒಂದೇ. ಅಲ್ಲಿ 'ಅಪರಿಚಿತ ಉಪಕರಣ' ಎಂದಿದ್ದರೆ ಅದರ ಹಾರ್ಡ್‌ವೇರ್ ಐಡಿ ತೆಗೆದು ನೋಡಬೇಕು. ಮೊದಲ ಸಂಖ್ಯೆ ತಯಾರಕರದ್ದು, ಎರಡನೆಯದು ಉಪಕರಣದ್ದು. 8086 ಎಂದಿದ್ದರೆ ಇಂಟೆಲ್; 1978ರ ತನ್ನ ಪ್ರೊಸೆಸರಿನ ಸಂಖ್ಯೆಯನ್ನೇ ಅದು ಗುರುತಾಗಿ ಇಟ್ಟುಕೊಂಡಿದೆ. 10ಇಸಿ ಎಂದಿದ್ದರೆ ರಿಯಲ್‌ಟೆಕ್, ಬಹುತೇಕ ನೆಟ್‌ವರ್ಕಿನದು. ಈ ಎರಡು ಸಂಖ್ಯೆ ಓದಲು ಬಂದವರಿಗೆ ಊಹೆಯ ಕೆಲಸ ಅರ್ಧ ಕಡಿಮೆಯಾಗುತ್ತದೆ. ನನ್ನ ಕೈಕೆಳಗೆ ಕಲಿತ ಹುಡುಗರಿಗೆ ಮೊದಲ ದಿನ ಕಲಿಸಿದ್ದೇ ಇದನ್ನು.

ಪ್ರಿಂಟರ್, ಲಾಕ್‌ಗಳ ತೊಂದರೆ ಇಂದಲ್ಲ ನಾಳೆ ಬಗೆಹರಿಯುವಂಥದ್ದು. ಅಕ್ಷರದ್ದು ಬೇರೆ.

ಎಕ್ಸ್‌ಪಿಯ ಜೊತೆ ಕನ್ನಡಕ್ಕೆ ಒಂದು ದೊಡ್ಡ ಲಾಭ ಬಂತು. ಅದಕ್ಕೆ ಹಿಂದಿನ ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಇದ್ದವು, ಕನ್ನಡ ಇರಲಿಲ್ಲ. ಎಕ್ಸ್‌ಪಿಯಲ್ಲಿ ಕನ್ನಡ ಯೂನಿಕೋಡ್ ಬಂತು, ಜೊತೆಗೆ ತುಂಗಾ ಎಂಬ ಫಾಂಟ್ ಬಂತು. ಆದರೆ ಅದು ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗದಲ್ಲಿ ಸಂಕೀರ್ಣ ಲಿಪಿಗಳಿಗಾಗಿ ಇದ್ದ ಒಂದು ಚೌಕಕ್ಕೆ ಗುರುತು ಹಾಕಬೇಕು. ಹಾಕಿದರೆ ವಿಂಡೋಸ್ ಸಿಡಿ ಕೊಡಿ ಎನ್ನುತ್ತದೆ. ಆ ಸಿಡಿ ಎಷ್ಟು ಅಂಗಡಿಗಳಲ್ಲಿ ಇತ್ತು? ಗುರುತು ಹಾಕದ ಯಂತ್ರದಲ್ಲಿ ಕನ್ನಡದ ಪುಟ ತೆರೆದರೆ ಸಾಲುಸಾಲು ಖಾಲಿ ಡಬ್ಬಿಗಳು. ಎಷ್ಟೋ ಜನ ಅದನ್ನು ವೈರಸ್ ಎಂದೇ ತಿಳಿದಿದ್ದರು. ಕನ್ನಡ ಓದಲು ಒಂದು ಚೌಕ ಮತ್ತು ಒಂದು ಸಿಡಿ ಸಾಕೆಂದು ಆಗ ಊರೂರಿಗೆ ಹೇಳುವವರು ಇದ್ದಿದ್ದರೆ ಕನ್ನಡದ ಎಷ್ಟೋ ಕೆಲಸ ಕೆಲವು ವರ್ಷ ಮೊದಲೇ ಯೂನಿಕೋಡ್‌ಗೆ ಬರುತ್ತಿತ್ತು ಎಂಬುದು ನನ್ನ ಗಟ್ಟಿ ನಂಬಿಕೆ.

ಹೀಗೆ ಒಂದೇ ಯಂತ್ರದಲ್ಲಿ ಎರಡು ಕನ್ನಡ ಕುಳಿತವು. ಒಂದು ಯೂನಿಕೋಡ್‌ನದು, ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ. ಇನ್ನೊಂದು ಪ್ರೆಸ್‌ನ ಕನ್ನಡ. ಅಲ್ಲಿ ಕಂಪ್ಯೂಟರಿನ ಪಾಲಿಗೆ ಇರುವುದೆಲ್ಲ ಇಂಗ್ಲಿಷ್ ಮತ್ತು ಯೂರೋಪಿನ ಭಾಷೆಗಳ ಅಕ್ಷರಗಳ ಸಂಖ್ಯೆಗಳೇ. ಆ ಜಾಗಗಳಲ್ಲಿ ಫಾಂಟು ಕನ್ನಡದ ತುಂಡುಗಳನ್ನು, ಅಂದರೆ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಬರೆದಿಟ್ಟಿರುತ್ತದೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಗುರುತುಗಳು. ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಈ ಎರಡನೆಯದಷ್ಟೇ ಗೊತ್ತಿತ್ತು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಎಕ್ಸ್‌ಪಿ ಬಂದ ವರ್ಷವೇ; ಯೂನಿಕೋಡ್ ಅದಕ್ಕೆ ಕೊನೆಯವರೆಗೂ ಬರಲಿಲ್ಲ.

"ಸರ್ರ, ಮೇಲ್‌ನ್ಯಾಗ ಛಲೋ ಕಾಣ್ತೈತಿ. ಪೇಜ್‌ಮೇಕರ್‌ನ್ಯಾಗ ಹಾಕಿದ್ರ ಬರೇ ಪ್ರಶ್ನೆ ಚಿಹ್ನೆ ಬರಾಕತ್ತಾವ್ರಿ" ಎಂದು ಗದಗಿನ ಆಪರೇಟರ್ ಒಬ್ಬರು ಫೋನ್ ಮಾಡಿದ್ದರು. ಸ್ಮರಣ ಸಂಚಿಕೆಯ ಲೇಖನ ಅದು, ಬರೆದವರು ಯೂನಿಕೋಡ್‌ನಲ್ಲಿ ಕಳಿಸಿದ್ದರು. ಯೂನಿಕೋಡ್ ಅರಿಯದ ಪ್ರೋಗ್ರಾಂಗೆ ಆ ಪಠ್ಯ ಅಂಟಿಸಿದರೆ ಪ್ರತಿ ಅಕ್ಷರದ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ನಿಲ್ಲುತ್ತದೆ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಆಪರೇಟರ್ ಇಡೀ ಲೇಖನವನ್ನು ಪ್ರಿಂಟ್ ತೆಗೆದು, ಎದುರಿಗಿಟ್ಟುಕೊಂಡು, ಮತ್ತೆ ಮೊದಲಿನಿಂದ ಟೈಪ್ ಮಾಡಿದರು. ಆ ವರ್ಷಗಳಲ್ಲಿ ನಮ್ಮ ಪ್ರೆಸ್‌ಗಳಲ್ಲಿ ಹೀಗೆ ಎರಡೆರಡು ಸಲ ಟೈಪಾದ ಕನ್ನಡದ ಲೆಕ್ಕ ಇಟ್ಟವರಿಲ್ಲ.

ಈ ಎಲ್ಲ ಗೊಂದಲದ ನಡುವೆ ಕೆಡದೆ ಉಳಿದದ್ದು ಕೀಲಿಮಣೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನೇ ಸರ್ಕಾರ ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಅದೇ ಬಂತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ತಂತ್ರಾಂಶದಿಂದ ಮನೆಮನೆಯಲ್ಲಿ ಕನ್ನಡ ಟೈಪಾಯಿತು. ಲಾಕ್ ಕೊಳ್ಳಲಾಗದ ಸಣ್ಣ ಅಂಗಡಿಗಳನ್ನು ಇವೆರಡೇ ನಿಲ್ಲಿಸಿದವು. ವಿಂಡೋಸ್ ಎಷ್ಟು ಸಲ ಬದಲಾದರೂ ಬೆರಳು ಕಲಿತದ್ದನ್ನು ಮತ್ತೆ ಕಲಿಯಬೇಕಾಗಲಿಲ್ಲ. ಇದು ಸಣ್ಣ ಉಪಕಾರವಲ್ಲ.

ಎಕ್ಸ್‌ಪಿಯ ನಂತರ ಬಂದ ವಿಸ್ಟಾವನ್ನು ನಮ್ಮ ಕಡೆಯ ಪ್ರೆಸ್‌ಗಳು ಮುಟ್ಟಲೇ ಇಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಂತಾಗ ಎಲ್ಲರೂ ವಿಂಡೋಸ್ ಏಳಕ್ಕೆ ಹಾರಿದರು. ಎಕ್ಸ್‌ಪಿಯ ಮೇಲೆ ನೇರವಾಗಿ ಏಳನ್ನು ಹಾಕಲು ಬರುತ್ತಿರಲಿಲ್ಲ, ಎಲ್ಲ ಪ್ರೋಗ್ರಾಂಗಳನ್ನೂ ಹೊಸದಾಗಿ ಹಾಕಬೇಕಿತ್ತು. ಹೊಸ ಯಂತ್ರಗಳಿಗೆ 64 ಬಿಟ್‌ನ ಆವೃತ್ತಿ ಬರತೊಡಗಿತ್ತು. ಅದರಲ್ಲಿ 16 ಬಿಟ್‌ನ ಪ್ರೋಗ್ರಾಂ ಓಡುವುದೇ ಇಲ್ಲ. ಪತ್ತಿನ ಸಹಕಾರಿ ಸಂಘಗಳಲ್ಲಿ ಡಾಸ್‌ನ ಫಾಕ್ಸ್‌ಪ್ರೊದಲ್ಲಿ ಬರೆದ ಲೆಕ್ಕದ ಪ್ರೋಗ್ರಾಂಗಳು ಆ ದಿನವೇ ನಿಂತವು. ಕೆಲವು ತಂತ್ರಾಂಶಗಳ ಕತೆ ಇನ್ನೂ ವಿಚಿತ್ರ: ತಂತ್ರಾಂಶ 32 ಬಿಟ್‌ನದು, ಓಡಬಲ್ಲದು, ಅದನ್ನು ಹಾಕುವ ಸೆಟಪ್ ಮಾತ್ರ 16 ಬಿಟ್‌ನದು, ಆದ್ದರಿಂದ ಒಳಗೇ ಬರದು. ಏಳರ ಪ್ರೊಫೆಷನಲ್ ಆವೃತ್ತಿಗೆ ಮೈಕ್ರೋಸಾಫ್ಟ್ ಎಕ್ಸ್‌ಪಿ ಮೋಡ್ ಎಂಬುದನ್ನು ಕೊಟ್ಟಿತ್ತು, ಒಳಗೇ ಇನ್ನೊಂದು ಎಕ್ಸ್‌ಪಿ ನಡೆಸುವ ಏರ್ಪಾಡು. ಹಲವು ಸಂಘಗಳ ಆಡಿಟ್ ಅದರಿಂದಲೇ ಮುಗಿಯಿತು.

ಏಳರಲ್ಲಿ ಕನ್ನಡದವರಿಗೇ ಮೀಸಲಾದ ಒಂದು ತೊಂದರೆ ಬಂತು. ಟೈಪಿಂಗ್ ತಂತ್ರಾಂಶ ಚಾಲೂ ಇದೆ, ವರ್ಡ್‌ನಲ್ಲಿ ಕನ್ನಡ ಬರುತ್ತದೆ, ಪೇಜ್‌ಮೇಕರ್‌ನಲ್ಲಿ ಮಾತ್ರ ಇಂಗ್ಲಿಷೇ ಬೀಳುತ್ತದೆ. ಫಾಂಟ್ ತೆಗೆದು ಹಾಕಿದರು, ತಂತ್ರಾಂಶ ತೆಗೆದು ಹಾಕಿದರು, ಉಪಯೋಗವಾಗಲಿಲ್ಲ. ಹಳೆಯ ಪೇಜ್‌ಮೇಕರ್ ಸರಿಯಾಗಿ ನಡೆಯಲೆಂದು ಅದನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡಿಸುವಂತೆ ಮಾಡಿರುತ್ತಿದ್ದರು. ವಿಸ್ಟಾದಿಂದ ಈಚೆಗೆ, ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚು ಅಧಿಕಾರದ ಪ್ರೋಗ್ರಾಂನ ಕೀಲಿಗಳ ನಡುವೆ ಬರುವಂತಿಲ್ಲ. ಟೈಪಿಂಗ್ ತಂತ್ರಾಂಶ ಮಾಡುವುದೇ ಆ ಕೆಲಸ: ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡವಾಗಿ ಮುಂದೆ ಕಳಿಸುವುದು. ಅದನ್ನೂ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ಆಯಿತು, ಕನ್ನಡ ಬಂತು. ಉತ್ತರ ಇಷ್ಟು ಸಣ್ಣದು. ವಿಂಡೋಸ್ ಕಲಿಸುವ ದಪ್ಪ ಪುಸ್ತಕಗಳು ಇಂಗ್ಲಿಷಿನಲ್ಲಿ ಟೈಪ್ ಮಾಡುವವರಿಗಾಗಿ ಬರೆದವು. ಈ ತೊಂದರೆಯನ್ನು ಒಬ್ಬ ಆಪರೇಟರ್ ಇನ್ನೊಬ್ಬ ಆಪರೇಟರ್‌ಗೆ ಹೇಳಿಯೇ ಹರಡಬೇಕಾಯಿತು.

ವಿಂಡೋಸ್ 10ರಿಂದ ಎಲ್ಲವೂ ಬೇರೆಯಾಯಿತು. 2015ರ ಜುಲೈ 29ಕ್ಕೆ ಬಂದ ಅದು ಮೊದಲ ಒಂದು ವರ್ಷ ಏಳು ಮತ್ತು 8.1 ಇದ್ದವರಿಗೆ ಉಚಿತವಾಗಿತ್ತು. ಮೊದಲೆಲ್ಲ ಹೊಸ ವಿಂಡೋಸ್ ಹಾಕುವುದು ನಾವು ದಿನ ನೋಡಿ ಮಾಡುವ ಕೆಲಸ. ಅಮಾವಾಸ್ಯೆಗೆ ಪ್ರೆಸ್ ಬಂದ್ ಇರುವಾಗ ಮಾಡುತ್ತಿದ್ದೆವು. ಈಗ ಅದು ರಾತ್ರಿ ತಾನೇ ಆಗಿರುತ್ತದೆ. ಬೆಳಿಗ್ಗೆ ಫೋನ್ ಮಾಡುವವರಿಗೆ ಏನು ಬದಲಾಯಿತೆಂದೇ ಗೊತ್ತಿರುವುದಿಲ್ಲ, "ನಾ ಏನೂ ಮಾಡಿಲ್ರಿ" ಎನ್ನುತ್ತಾರೆ, ಅದು ನಿಜವೂ ಹೌದು. ಹಾಗಾಗಿ ಈಗ ಮೊದಲು ತೆಗೆಯುವುದು ಅಪ್‌ಡೇಟ್‌ಗಳ ಇತಿಹಾಸದ ಪುಟ. ತೊಂದರೆ ಶುರುವಾದ ದಿನಾಂಕ ಮತ್ತು ಅಲ್ಲಿಯ ದಿನಾಂಕ ಹೊಂದಿದರೆ ದಾರಿ ಸಿಕ್ಕಿತು.

ಯಂತ್ರ ಬಂದ್ ಮಾಡಿ ಚಾಲೂ ಮಾಡುವ ಅಂದಿನ ಮೊದಲ ಮದ್ದು ಕೂಡ ಈಗ ಹಾಗೇ ಉಳಿದಿಲ್ಲ. ವಿಂಡೋಸ್ ಎಂಟರಿಂದ ಈಚೆಗೆ ಯಂತ್ರ ಬೇಗ ಏಳಲೆಂದು, ಬಂದ್ ಮಾಡಿದಾಗ ವಿಂಡೋಸ್ ತನ್ನ ತಿರುಳನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಡ್ರೈವರ್ ಇದ್ದರೆ ಅದೂ ಹಾಗೇ ಎದ್ದು ಬರುತ್ತದೆ. "ಎಷ್ಟೋ ಸಲ ಬಂದ್ ಮಾಡಿ ಚಾಲೂ ಮಾಡೀನ್ರಿ" ಎನ್ನುವವರಿಗೆ ರಿಸ್ಟಾರ್ಟ್ ಒತ್ತಿ ಎನ್ನುತ್ತೇನೆ. ರಿಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಎಫ್8 ಕೂಡ ಮೊದಲಿನ ಹಾಗೆ ಸ್ಪಂದಿಸುವುದಿಲ್ಲ. ಸೇಫ್ ಮೋಡ್ ಬೇಕಾದರೆ ಶಿಫ್ಟ್ ಹಿಡಿದು ರಿಸ್ಟಾರ್ಟ್ ಒತ್ತಬೇಕು.

ಒಳ್ಳೆಯದನ್ನೂ ಹೇಳಬೇಕು. ಈಗಿನ ವಿಂಡೋಸ್ ಬಹುಪಾಲು ಡ್ರೈವರ್‌ಗಳನ್ನು ತಾನೇ ತಂದುಕೊಳ್ಳುತ್ತದೆ. ಹಾಕಿದ ಹೊಸ ಆವೃತ್ತಿ ಹಿಡಿಸದಿದ್ದರೆ ಹಿಂದಕ್ಕೂ ಹೋಗಬಹುದು, ಹಳೆಯದನ್ನು ಅದು ಒಂದು ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ. ಮೊದಲು ಅದಕ್ಕೆ 30 ದಿನ ಅವಕಾಶವಿತ್ತು, 2016ರಿಂದ 10 ದಿನ. ಪ್ರೆಸ್‌ನವರಿಗೆ ನಾನು ಹೇಳುವುದು ಇದನ್ನೇ: ಆ 10 ದಿನಗಳೊಳಗೆ ವರ್ಷಕ್ಕೊಮ್ಮೆ ಮಾಡುವ ಕೆಲಸಗಳನ್ನೂ ಒಮ್ಮೆ ಮಾಡಿ ನೋಡಿ. ದಿನದ ಪ್ರಿಂಟರ್ ಸರಿಯಿರುತ್ತದೆ. ಕೈಕೊಡುವುದು ಮೂಲೆಯ ಸ್ಕ್ಯಾನರ್, ತೆರಿಗೆ ಸಲ್ಲಿಸುವ ಡಿಜಿಟಲ್ ಸಹಿಯ ಟೋಕನ್, ಹೋದ ವರ್ಷದ ಜಾತ್ರೆಯ ಕರಪತ್ರದ ಫೈಲ್.

ಆದರೆ ಯಂತ್ರ ಏಳದೇ ಹೋದಾಗ ಕೈ ಕಟ್ಟಿಹಾಕುವ ಒಂದು ಸಂಗತಿ ಈಗ ಸೇರಿದೆ. ಅಂದು ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಾಕಿದರೆ ಫೈಲುಗಳು ಸಿಗುತ್ತಿದ್ದವು. ಈಗ ಎಷ್ಟೋ ಲ್ಯಾಪ್‌ಟಾಪ್‌ಗಳ ಡಿಸ್ಕ್ ಮಾಲಕರಿಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಟ್ ಆಗಿರುತ್ತದೆ. 48 ಅಂಕಿಗಳ ಬಿಟ್‌ಲಾಕರ್ ಕೀ ಇಲ್ಲದಿದ್ದರೆ ಯಾರೂ ಏನೂ ಮಾಡಲಾಗದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದಾಗ ಇದೇ ಆಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಪರಿಹಾರ ನಮ್ಮ ಹಳೆಯ ಕಾಲದ್ದೇ: ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಬೇಕು. ಬಹಳಷ್ಟು ಕಡೆ ಒಬ್ಬರು ಯಂತ್ರದ ಮುಂದೆ ಹೋಗಿ ನಿಂತೇ ಅದನ್ನು ಮಾಡಬೇಕಾಯಿತು. ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳದವರು ಅಲ್ಲೂ ಕಾಯಬೇಕಾಯಿತು. ಅಂದಿನಿಂದ ನಾನು ಯಾವ ಪ್ರೆಸ್‌ಗೆ ಹೋದರೂ ಬಿಲ್ ಪುಸ್ತಕದ ಹಿಂದೆ ಆ ಕೀ ಬರೆಸಿಯೇ ಬರುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ನಿಂತಿತು. ವಿಂಡೋಸ್ ಹನ್ನೊಂದಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು. ಸರಿಯಾಗಿಯೇ ನಡೆಯುತ್ತಿರುವ ಯಂತ್ರಗಳನ್ನು ಇದಕ್ಕಾಗಿ ಬದಲಿಸಬೇಕೆ ಎಂದು ಮಾಲಕರು ಕೇಳುತ್ತಾರೆ. ಇಂಟರ್ನೆಟ್‌ಗೆ ಹೋಗುವ, ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರವನ್ನು ಬದಲಿಸಲೇಬೇಕು ಎಂದೇ ನನ್ನ ಉತ್ತರ. ಆದರೆ ಬದಲಿಸುವ ಮೊದಲು ಹಳೆಯ ಡಿಸ್ಕಿನಲ್ಲಿರುವ ಕನ್ನಡವನ್ನು ನೋಡಬೇಕು.

ಯಾಕೆಂದರೆ ಅಲ್ಲಿ ಇಪ್ಪತ್ತು ವರ್ಷಗಳ ಊರು ಇದೆ. ಮಠದ ಪುರಾಣ, ಶಾಲೆಯ ಶತಮಾನೋತ್ಸವದ ಸಂಚಿಕೆ, ನಾಟಕದ ಹಸ್ತಪ್ರತಿಯಿಂದ ಟೈಪ್ ಮಾಡಿದ ಪುಟಗಳು, ಯಾರೋ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕವನ ಸಂಕಲನ. ಎಲ್ಲ ಪೇಜ್‌ಮೇಕರ್ ಫೈಲುಗಳು, ಎಲ್ಲ ಹಳೆಯ ಫಾಂಟಿನ ಕನ್ನಡ. ಹೊಸ ಯಂತ್ರ ಅವನ್ನು ನಕಲು ಮಾಡಿಕೊಳ್ಳುತ್ತದೆ, ಆದರೆ ಓದಲಾರದು. ಪೇಜ್‌ಮೇಕರ್‌ನ ಜಾಗಕ್ಕೆ ಬಂದ ಇನ್‌ಡಿಸೈನ್ ಕನ್ನಡ ಯೂನಿಕೋಡನ್ನು ಸರಿಯಾಗಿ ಕೂಡಿಸಲು ಕಲಿತದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಅಲ್ಲಿಯವರೆಗಿನ ಕೆಲಸವೆಲ್ಲ ಹಳೆಯ ದಾರಿಯದೇ.

ಪರಿವರ್ತಕಗಳಿವೆ, ನುಡಿಯಲ್ಲೂ ಬರಹದಲ್ಲೂ ಇವೆ, ಕೆಲಸವನ್ನೂ ಮಾಡುತ್ತವೆ. ಆದರೆ ಅವು ಮಾಡಬೇಕಾದ ಕೆಲಸ ಸುಲಭದ್ದಲ್ಲ. ಹಳೆಯ ಫಾಂಟಿನಲ್ಲಿ ಅಕ್ಷರದ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಇರುತ್ತವೆ. 'ಭಕ್ತಿ'ಯಲ್ಲಿ ಮೊದಲು 'ಕಿ', ಆಮೇಲೆ ತಕಾರದ ಒತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಕ, ತ, ಕೊನೆಗೆ ಗುಡಿಸು. ಅರ್ಕಾವತ್ತು ಕಾಣುವುದು ವ್ಯಂಜನದ ನಂತರ, ಕೂರಬೇಕಾದದ್ದು ಅದಕ್ಕಿಂತ ಮೊದಲು. ಒಂದೊಂದು ಕಂಪನಿಯ ಫಾಂಟಿನಲ್ಲಿ ಒಂದೊಂದು ತುಂಡಿಗೆ ಒಂದೊಂದು ಜಾಗ. ನಡುವೆ ನಿಜವಾದ ಇಂಗ್ಲಿಷ್ ಪದ ಬಂದರೆ ಪರಿವರ್ತಕ ಅದನ್ನೂ ಕನ್ನಡ ಮಾಡಿಬಿಡುತ್ತದೆ. ಕೊನೆಗೆ ಒಬ್ಬರು ಕುಳಿತು ಓದಿ ತಿದ್ದಲೇಬೇಕು.

ಆದ್ದರಿಂದ ಈಗ ಯಂತ್ರ ಬದಲಿಸುವ ಪ್ರೆಸ್‌ಗೆ ಹೋದರೆ ನನ್ನ ಕೆಲಸ ಹಳೆಯ ಯಂತ್ರದಲ್ಲೇ ಶುರುವಾಗುತ್ತದೆ. ಲಾಕ್ ಇನ್ನೂ ಸಿಗುವ, ಪೇಜ್‌ಮೇಕರ್ ಇನ್ನೂ ತೆರೆಯುವ ಎಕ್ಸ್‌ಪಿ ಯಂತ್ರ ಒಂದಾದರೂ ಇದ್ದರೆ ಅದರ ನೆಟ್‌ವರ್ಕ್ ಕೇಬಲ್ ಕಿತ್ತು ಇಡಿಸುತ್ತೇನೆ, ಮಾರಲು ಬಿಡುವುದಿಲ್ಲ. ಅದರಲ್ಲಿ ಪ್ರತಿ ಫೈಲ್ ತೆರೆದು ಫಾಂಟ್ ಸಮೇತ ಪಿಡಿಎಫ್ ಮಾಡುವುದು ಮೊದಲ ಹಂತ. ಕಾಣುವ ರೂಪ ಅಷ್ಟಕ್ಕೆ ಉಳಿಯಿತು. ಎರಡನೆಯದು ಪಠ್ಯ ಹೊರತೆಗೆದು ಯೂನಿಕೋಡ್‌ಗೆ ತರುವುದು, ಹುಡುಕಲು, ಮತ್ತೆ ಅಚ್ಚು ಹಾಕಲು ಅದೇ ಬೇಕು. ಎಲ್ಲವನ್ನೂ ಮಾಡಲು ಪ್ರೆಸ್‌ಗೆ ಬಿಡುವಿಲ್ಲ. ಯಾವುದನ್ನು ಮೊದಲು ಮಾಡಬೇಕೆಂದು ಮಾಲಕರು ಕೇಳಿದರೆ, ಬೇರೆಲ್ಲೂ ಪ್ರತಿ ಇಲ್ಲದ್ದನ್ನು ಮೊದಲು ತೆಗೆಯಿರಿ ಎನ್ನುತ್ತೇನೆ. ಗದಗಿನ ಒಂದು ಪ್ರೆಸ್‌ನಲ್ಲಿ ಈಗ ಅದೇ ನಡೆದಿದೆ. ಮಧ್ಯಾಹ್ನ ಕೆಲಸ ಕಡಿಮೆಯಿರುವ ಹೊತ್ತಿನಲ್ಲಿ ಹಿರಿಯ ಆಪರೇಟರ್ ಒಬ್ಬರು ಹಳೆಯ ಯಂತ್ರದಲ್ಲಿ ಪುರಾಣದ ಫೈಲುಗಳನ್ನು ಒಂದೊಂದಾಗಿ ತೆರೆಯುತ್ತಾರೆ, ಹೊಸ ಹುಡುಗ ಪಕ್ಕದ ಯಂತ್ರದಲ್ಲಿ ಪರಿವರ್ತಿಸಿದ ಪಠ್ಯ ಓದಿ ಅರ್ಕಾವತ್ತು ತಿದ್ದುತ್ತಾನೆ. ಎಂಟನೆಯ ಅಧ್ಯಾಯಕ್ಕೆ ಬಂದಿದ್ದಾರೆ.